ಆರನೆಯ ಹಿಡಿ

ನಮ್ಮೂರ ದೋಣಿ ಸಂಘದಲ್ಲಿ ನಾಲ್ಕು ದೋಣಿಗಳಿವೆ. ಒಂದೊಂದಕ್ಕೂ ಆರು ಮಣೆ, ಆರು ಹುಟ್ಟು. ಹತ್ತುವವರು ಮಾತ್ರ ಐದೇ ಜನ. ಹುಟ್ಟು ಹಾಕುವವರು ದೋಣಿಯ ಹಿಂಬದಿಗೆ ಮುಖ ಮಾಡಿ ಕೂರುತ್ತಾರಲ್ಲ, ಹಾಗಾಗಿ ಮೂತಿಯ ಹತ್ತಿರದ ಆರನೆಯ ಮಣೆ ಎಲ್ಲರ ಬೆನ್ನ ಹಿಂದೆ ಉಳಿಯುತ್ತದೆ. ಅಲ್ಲಿ ಯಾರೂ ಕೂರುವುದಿಲ್ಲ, ಅದರ ಹುಟ್ಟನ್ನು ಕಬ್ಬಿಣದ ಬಳೆಗೆ ಸಿಕ್ಕಿಸಿ ಬಿಡುತ್ತೇವೆ ಅಷ್ಟೇ. ದೋಣಿ ದಡ ಬಿಟ್ಟು ಹತ್ತು ಮಾರು ಹೋಗುವಷ್ಟರಲ್ಲಿ ಐದು ಹುಟ್ಟಿನ ಸದ್ದಿಗೆ ಆರನೆಯ ಸದ್ದೂ ಸೇರಿಕೊಳ್ಳುತ್ತದೆ. ತಿರುಗಿ ನೋಡಬಾರದು. ದಡದಲ್ಲಿ ನಿಂತವರಿಗೆ ಕಾಣುತ್ತದೆ ನಿಜ, ಆದರೆ ಊಟಕ್ಕೆ ಕೂತವರ ಎಲೆಯನ್ನು ದಿಟ್ಟಿಸಿ ನೋಡುವುದು ಹೇಗೆ ಮರ್ಯಾದೆಯಲ್ಲವೋ ಇದೂ ಹಾಗೆಯೇ. ಮಕ್ಕಳಿಗೆ ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಡುವುದಿಲ್ಲ. ಅಮ್ಮ ಒಂದು ಸಲ ಗಲ್ಲ ಹಿಡಿದು ಮುಖವನ್ನು ಆಚೆ ತಿರುಗಿಸುತ್ತಾಳೆ, ಮಗು ಕಲಿತುಕೊಳ್ಳುತ್ತದೆ.

ನಾನು ಅಂಬುಜ, ಸಂಘದ ಷೆಡ್ಡಿನಲ್ಲಿ ದೋಣಿ ರಿಪೇರಿ ಮಾಡುವವಳು. ನನಗೆ ಮೊದಲು ಅಪ್ಪ ಮೋನಾಚಾರಿ ಈ ಕೆಲಸ ಮಾಡುತ್ತಿದ್ದರು. ಮಗನಿಗೆ ಕಲಿಸಬೇಕೆಂದು ಅವರಿಗೆ ಬಹಳ ಆಸೆಯಿತ್ತು, ಆದರೆ ನನ್ನ ತಮ್ಮನಿಗೆ ಉಳಿ ಕಂಡರೆ ಆಕಳಿಕೆ ಬರುತ್ತಿತ್ತು. ಕೊನೆಗೆ ಅಪ್ಪ ಹಲ್ಲು ಕಚ್ಚಿಕೊಂಡು ನನಗೇ ಕಲಿಸಿದರು. ಹೆಂಗಸು ಮಾಡಿದ ದೋಣಿ ಮುಳುಗುತ್ತದೆ ಎಂದವರೆಲ್ಲ ಇಪ್ಪತ್ತಾರು ವರ್ಷದಿಂದ ಅದರಲ್ಲೇ ಓಡಾಡುತ್ತಿದ್ದಾರೆ. ನನಗೂ ಒಂದು ಸಲ ಮದುವೆಯಾಗಿತ್ತು, ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ.

ವರ್ಷಕ್ಕೊಮ್ಮೆ ನೀರು ಇಳಿದಾಗ ನಾಲ್ಕೂ ದೋಣಿಗಳನ್ನು ದಡಕ್ಕೆತ್ತಿ ಷೆಡ್ಡಿನೊಳಗೆ ಮಗುಚಿ ಹಾಕುತ್ತೇವೆ. ಇದಕ್ಕೆ ಎತ್ತುವ ತಿಂಗಳು ಎನ್ನುತ್ತಾರೆ. ಸಂಘದವರೆಲ್ಲ ಬರುತ್ತಾರೆ. ಕೆಲವರು ತೆಂಗಿನ ಚಿಪ್ಪಿನಿಂದ ತಳದ ಪಾಚಿ ಕೆರೆಯುತ್ತಾರೆ, ಕೆಲವರು ಹಲಗೆಯ ಸಂದಿಗೆ ರಾಳದಲ್ಲಿ ಅದ್ದಿದ ಹತ್ತಿ ತುಂಬುತ್ತಾರೆ, ಉಳಿದವರು ಚಹಾ ಕುಡಿಯುತ್ತ ಅದು ಹಾಗಲ್ಲ ಹೀಗೆ ಎಂದು ಹೇಳುತ್ತಾರೆ. ನಾನು ಕೊಡತಿ ಹಿಡಿದು ಹಲಗೆ ಹಲಗೆಯನ್ನೂ ತಟ್ಟಿ ಕೇಳುತ್ತ ಹೋಗುತ್ತೇನೆ. ಒಳ್ಳೆಯ ಹಲಗೆ ಮಾತಾಡುತ್ತದೆ, ಕೊಳೆತದ್ದು ಸುಮ್ಮನಿರುತ್ತದೆ. ಹುಟ್ಟುಗಳ ಕೆಲಸವನ್ನು ಮಾತ್ರ ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

ಏಕೆಂದರೆ ಹುಟ್ಟಿನ ಹಿಡಿಯಲ್ಲಿ ಮನುಷ್ಯರಿರುತ್ತಾರೆ. ನಾಲ್ಕೈದು ವರ್ಷ ಒಂದೇ ಹುಟ್ಟು ಹಿಡಿದವರ ಕೈ ಮರದಲ್ಲಿ ಕೂತುಬಿಡುತ್ತದೆ. ಯಾರ ಹೆಬ್ಬೆರಳು ಎಲ್ಲಿ ಒತ್ತುತ್ತದೆ, ಯಾರು ಎಡಗೈಗೆ ಮೋಸ ಮಾಡಿ ಬಲಗೈಯಿಂದಲೇ ಎಳೆಯುತ್ತಾರೆ, ಯಾರು ಹೆದರಿ ಬಿಗಿಹಿಡಿಯುತ್ತಾರೆ, ಎಲ್ಲ ಸವಕಲಿನಲ್ಲಿ ಗೊತ್ತಾಗುತ್ತದೆ. ಪೇಟೆಯಲ್ಲಿ ಎದುರಿಗೆ ಬಂದವರ ಹೆಸರು ನನಗೆ ನೆನಪಾಗುವುದಿಲ್ಲ, ಹಿಡಿ ಕೊಟ್ಟರೆ ಕಣ್ಣು ಮುಚ್ಚಿಕೊಂಡು ಹೇಳುತ್ತೇನೆ.

ಆರನೆಯ ಹಿಡಿಗಳೂ ಸವೆಯುತ್ತವೆ. ಒಮ್ಮೆ ಹುಟ್ಟು ಹಿಡಿದವರು ಎಲ್ಲಿ ಸತ್ತರೂ, ಮನೆಯ ಮಂಚದ ಮೇಲಾಗಲಿ ಸಾವಿರ ಮೈಲಿ ಆಚೆಯ ಆಸ್ಪತ್ರೆಯಲ್ಲಾಗಲಿ, ವರ್ಷದೊಳಗೆ ನಾಲ್ಕು ದೋಣಿಗಳಲ್ಲಿ ಒಂದಕ್ಕೆ ಬರುತ್ತಾರೆ. ಎತ್ತುವ ತಿಂಗಳಲ್ಲಿ ನಾನು ಹಿಡಿ ಮುಟ್ಟಿ ನೋಡಿ ಮನೆಯವರಿಗೆ ಹೇಳಿ ಕಳಿಸುತ್ತೇನೆ. ಅವರು ಬೆಲ್ಲದ ಪಾನಕ ಮಾಡಿಕೊಂಡು ಬಂದು, ಆ ಸವಕಲಿನ ಮೇಲೆ ತಮ್ಮ ಕೈಯಿಟ್ಟು ಸ್ವಲ್ಪ ಹೊತ್ತು ನಿಂತು ಹೋಗುತ್ತಾರೆ. ಹಾಲಿನ ಡಿಪೋದ ಶೇಷಣ್ಣ ತೀರಿಕೊಂಡ ಮರುವರ್ಷ ಎರಡನೆಯ ದೋಣಿಗೆ ಬಂದ. ಅವನ ಹೆಂಡತಿ ಹಿಡಿ ಮುಟ್ಟಿದವಳೇ, ಇಲ್ಲೂ ಮಣಿಕಟ್ಟು ತಿರುಚಿಕೊಂಡೇ ಹಿಡಿದಿದ್ದೀರಲ್ಲ ಎಂದು ಬೈದಳು. ಆಮೇಲೆ ಅತ್ತಳು, ಆಮೇಲೆ ನಮಗೆಲ್ಲ ಪಾನಕ ಕೊಟ್ಟಳು.

ಅಪ್ಪ ನನಗೆ ಹೇಳಿದ್ದು ಎರಡೇ ಮಾತು. ಆರನೆಯ ಹಿಡಿಗೆ ಎಣ್ಣೆ ಮಾತ್ರ ಹಚ್ಚಬೇಕು, ಉಳಿ ಅರ ಪಾಲಿಶ್ ಪೇಪರ್ ಯಾವುದನ್ನೂ ತಾಗಿಸಬಾರದು. ಮತ್ತೆ, ಕೈಗೆ ಸಿಕ್ಕಿದ್ದನ್ನಷ್ಟೇ ಹೇಳಬೇಕು. ಹಿಡಿ ಸೀಳಿ ಹೋದರೆ ಹೊಸ ಹುಟ್ಟು ಮಾಡಿಡಬಹುದು, ಆದರೆ ಯಾರಾದರೂ ಬಂದು ಅದಕ್ಕೆ ಕೈ ಕೂರಿಸುವ ತನಕ ಆ ದೋಣಿ ಒಂದು ಕಡೆಗೆ ಎಳೆಯುತ್ತದೆ. ಹುಟ್ಟು ಹಾಕುವವರು ಗೊಣಗಿಕೊಂಡು ಸಹಿಸಿಕೊಳ್ಳುತ್ತಾರೆ. ಹೋದ ವರ್ಷ ಮೂರನೆಯ ದೋಣಿಯ ಆರನೆಯ ಹುಟ್ಟು ಹೀಗೆಯೇ ಸೀಳಿತು, ನಾನು ಹೊಸದು ಮಾಡಿಟ್ಟೆ. ಅದಕ್ಕಿನ್ನೂ ಯಾರೂ ಬಂದಿರಲಿಲ್ಲ.

ಈಗ ಕುಮುದಳ ವಿಷಯಕ್ಕೆ ಬರಬೇಕು. ಕುಮುದ ನನ್ನ ತಮ್ಮನ ಮಗಳು. ಆಕಳಿಸಿಕೊಂಡೇ ಬದುಕಿದ ತಮ್ಮ ಬೇಗ ಹೋಗಿಬಿಟ್ಟ, ಅವನ ಹೆಂಡತಿ ಅದಕ್ಕೂ ಮೊದಲೇ ಹೋಗಿದ್ದಳು, ಕುಮುದಳನ್ನು ಎಂಟು ವರ್ಷದವಳಿದ್ದಾಗಿನಿಂದ ಸಾಕಿದವಳು ನಾನು. ಅವಳನ್ನು ಭುಜಂಗನಿಗೆ ಕೊಟ್ಟು ಮದುವೆ ಮಾಡಿದೆ. ಭುಜಂಗ ಮೂರನೆಯ ದೋಣಿಯ ಐದನೆಯ ಮಣೆಯವನು, ಬಾವಿ ತೋಡಿಸುವ ಗುಂಪಿನ ಮೇಸ್ತ್ರಿ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು, ನನಗೆ ಇಷ್ಟವಾಗಿದ್ದ. ನಾಲ್ಕು ವರ್ಷದ ಹಿಂದೆ ಎಲ್ಲೋ ದೂರದಲ್ಲಿ ಬಾವಿ ಕೆಲಸವಿದೆ, ಹದಿನೈದು ದಿನದಲ್ಲಿ ಬಂದುಬಿಡುತ್ತೇನೆ ಅಂದು ಬಸ್ಸು ಹತ್ತಿದವನು ಬರಲಿಲ್ಲ. ಕಾಗದವಿಲ್ಲ, ಸುದ್ದಿಯಿಲ್ಲ. ಅವನ ಜೊತೆ ಹೋದವರು ತಿಂಗಳಲ್ಲೇ ವಾಪಸು ಬಂದರು. ಕೆಲಸ ಮುಗಿದ ದಿನ ಸಂತೆಗೆ ಹೋಗುತ್ತೇನೆಂದು ಹೋದ, ಮತ್ತೆ ಕಾಣಲಿಲ್ಲ ಎಂದರು.

ಕುಮುದ ಅವನ ಮಣೆಯನ್ನು ತಾನೇ ಹಿಡಿದಳು. ಅವನ ಹುಟ್ಟನ್ನು ಮಾತ್ರ ಬೇರೆ ಯಾರ ಕೈಗೂ ಕೊಡಬೇಡಿ, ಬಂದ ಮೇಲೆ ಬೇಕಾಗುತ್ತದೆ ಎಂದು ಷೆಡ್ಡಿನ ಅಟ್ಟಕ್ಕೆ ಸೇರಿಸಿ, ಬೇರೊಂದು ಹುಟ್ಟು ತೆಗೆದುಕೊಂಡಳು. ಬೆಳಿಗ್ಗೆ ದೋಣಿ, ಹಗಲೆಲ್ಲ ಬಾಲವಾಡಿಯ ಕೆಲಸ, ಸಂಜೆಯಾದರೆ ಬಸ್ ಸ್ಟ್ಯಾಂಡು. ಕಡೆಯ ಬಸ್ಸು ಬಂದು ಜನ ಇಳಿದು ಖಾಲಿಯಾದ ಮೇಲೆ ಮನೆಗೆ ಬಂದು ಎರಡು ತಟ್ಟೆ ಹಾಕಿ, ಒಂದರಲ್ಲಿ ತಾನು ಉಣ್ಣುವಳು. ಬಸ್ಸು ಬಂದ ಮೇಲೆಯೇ ಊಟ ಎಂದು ಯಾವ ದೇವರಿಗೆ ಹೇಳಿಕೊಂಡಿದ್ದಳೋ ಕಾಣೆ.

ಪ್ರತಿ ಎತ್ತುವ ತಿಂಗಳಲ್ಲೂ ನಾನು ಹಿಡಿಗಳನ್ನು ನೋಡಿ ಮುಗಿಸುವ ತನಕ ಬಾಗಿಲಲ್ಲಿ ನಿಂತಿರುತ್ತಿದ್ದಳು. ಬಂದ್ರಾ ಅತ್ತೆ ಎಂದು ಕೇಳುತ್ತಿದ್ದಳು. ಇಲ್ಲ ಎಂದರೆ ಅವಳ ಮುಖ ಅರಳುತ್ತಿತ್ತು. ಉಳಿದವರ ಮನೆಯವರು ಇಲ್ಲ ಅಂದರೆ ಪೆಚ್ಚಾಗಿ ಹೋಗುತ್ತಾರೆ, ಇವಳೊಬ್ಬಳಿಗೆ ಅದು ಸಿಹಿಸುದ್ದಿ. ಹಿಡಿಗೆ ಬಂದಿಲ್ಲ ಎಂದರೆ ಬದುಕಿದ್ದಾರೆ, ಬದುಕಿದ್ದಾರೆ ಎಂದರೆ ಬರುತ್ತಾರೆ. ನನ್ನ ಇಲ್ಲ ಎಂಬ ಒಂದು ಮಾತಿನ ಮೇಲೆ ಅವಳು ಇನ್ನೊಂದು ವರ್ಷ ಕಾಯುತ್ತಿದ್ದಳು. ಹೀಗೆ ಮೂರು ಸಲ ಹೇಳಿದೆ. ಮೊದಲನೆಯ ಸಲ ಸಂತೋಷದಿಂದ ಹೇಳಿದ್ದೆ. ಮೂರನೆಯ ಸಲ ಹೇಳುವಾಗ ಭುಜಂಗನ ಮೇಲೆ ನನಗೆ ಎಷ್ಟು ಸಿಟ್ಟಿತ್ತೆಂದರೆ, ಅವನು ಎದುರಿಗೆ ಸಿಕ್ಕಿದ್ದರೆ ಕೊಡತಿಯಿಂದಲೇ ಮಾತಾಡಿಸುತ್ತಿದ್ದೆ.

ಈ ವರ್ಷ ದೋಣಿಗಳನ್ನು ಎತ್ತಿದ ಮೂರನೆಯ ದಿನ ಕುಮುದ ಪಾಚಿ ಕೆರೆಯುತ್ತ ಕೆರೆಯುತ್ತ ಹಾಗೆಯೇ ಕುಸಿದಳು. ಹಿಂದಿನ ಸಂಜೆ ಕಡೆಯ ಬಸ್ಸು ದಾರಿಯಲ್ಲಿ ಕೆಟ್ಟು ನಿಂತು ಬರಲೇ ಇಲ್ಲವಂತೆ. ಬಸ್ಸು ಬರಲಿಲ್ಲ, ಇವಳು ಉಣ್ಣಲಿಲ್ಲ. ಬೆಳಿಗ್ಗೆಯೂ ಆ ಬಸ್ಸು ಬಂದಿರಲಿಲ್ಲ, ಹಾಗಾಗಿ ಬೆಳಿಗ್ಗೆಯೂ ಇಲ್ಲ. ಅವಳನ್ನು ಎತ್ತಿ ಮಲಗಿಸಿದಾಗ ಮೈಯಲ್ಲಿ ಭಾರವೇ ಇರಲಿಲ್ಲ, ಎಂಟು ವರ್ಷದ ಹುಡುಗಿಯಾಗಿ ನನ್ನ ಮನೆಗೆ ಬಂದಾಗ ಇದಕ್ಕಿಂತ ಗಟ್ಟಿಯಿದ್ದಳು ಅನ್ನಿಸಿತು. ಸಂಘದ ಕಾರ್ಯದರ್ಶಿ ನಾಗೋಜಿ ಮೇಷ್ಟ್ರು, ಹಿಂದೆ ಶಾಲೆಯಲ್ಲಿ ಡ್ರಿಲ್ಲು ಮಾಡಿಸುತ್ತಿದ್ದವರು, ಅವಳಿಗೆ ಸಕ್ಕರೆ ನೀರು ಕುಡಿಸಿ ನನ್ನನ್ನು ಆಚೆ ಕರೆದರು.

"ಅಂಬುಜಕ್ಕ, ಇವಳು ಮುಂದಿನ ವರ್ಷ ನೋಡಲ್ಲ. ನೀವೇ ಏನಾದ್ರೂ ಹೇಳಬೇಕು" ಅಂದರು.

ಹೇಳಬೇಕು ಅಂದರೆ ಬುದ್ಧಿ ಹೇಳಬೇಕು ಎಂಬ ಅರ್ಥದಲ್ಲೇ ಅವರು ಹೇಳಿದ್ದು. ಬುದ್ಧಿ ಹೇಳಿ ಹೇಳಿ ನನ್ನ ನಾಲಗೆ ಸವೆದಿತ್ತು. ನನ್ನ ಮನಸ್ಸು ಬೇರೆಯೇ ಕಡೆ ಹೋಯಿತು. ಇಲ್ಲ ಎನ್ನುವ ಮಾತು ಅವಳನ್ನು ತಿನ್ನುತ್ತಿದೆ, ಹೌದು ಎಂದುಬಿಟ್ಟರೆ? ಅಳುತ್ತಾಳೆ. ಅತ್ತವರು ಉಣ್ಣುತ್ತಾರೆ, ಅಷ್ಟು ನಾನು ನೋಡಿದ್ದೇನೆ. ಆದರೆ ಬರೀ ಬಾಯಿಮಾತು ಸಾಲದು, ಅವಳು ಮುಟ್ಟಿ ನೋಡುತ್ತಾಳೆ. ಅವನ ಕೈ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು.

ಪಾಪಪ್ರಜ್ಞೆ ಕಾಡಲಿಲ್ಲವೇ ಎಂದು ಕೇಳಿದರೆ, ಕಾಡಿತು. ನಾನು ಅದಕ್ಕೆ ಉತ್ತರವನ್ನೂ ಹುಡುಕಿಕೊಂಡೆ. ಸತ್ತಿದ್ದರೆ ಇವತ್ತಲ್ಲ ನಾಳೆ ಹಿಡಿಗೆ ಬರುವವನೇ, ನಾನು ಒಂದು ಹೆಜ್ಜೆ ಮುಂದೆ ಹೇಳಿದ ಹಾಗಾಯಿತು. ಬದುಕಿದ್ದರೆ, ಬದುಕಿದ್ದೂ ನಾಲ್ಕು ವರ್ಷ ಹೆಂಡತಿಯ ಕಡೆ ತಿರುಗಿ ನೋಡದವನು ನನ್ನ ಲೆಕ್ಕದಲ್ಲಿ ಸತ್ತವನೇ. ಹೀಗೆ ಎರಡು ಕಡೆಯಿಂದಲೂ ದಾರಿ ಮಾಡಿಕೊಂಡು, ಮೂರನೆಯ ದೋಣಿಯ ಹೊಸ ಆರನೆಯ ಹುಟ್ಟನ್ನು ಷೆಡ್ಡಿನ ಹಿಂದಿನ ಕೋಣೆಗೆ ಒಯ್ದೆ. ಕೆಲಸ ಮಾಡುವವರೆಲ್ಲ ದೋಣಿಗಳ ಹತ್ತಿರವಿದ್ದರು, ವಾರ್ನಿಶ್ ವಾಸನೆಗೆ ಆ ಕೋಣೆಯ ಕಡೆ ಯಾರೂ ಬರುವುದಿಲ್ಲ.

ಅಟ್ಟದಿಂದ ಭುಜಂಗನ ಹಳೆಯ ಹುಟ್ಟನ್ನು ಇಳಿಸಿ ಪಕ್ಕಕ್ಕಿಟ್ಟುಕೊಂಡೆ. ಅವನ ಹಿಡಿತದಲ್ಲಿ ಒಂದು ವಿಶೇಷವಿತ್ತು. ಎಲ್ಲರ ಹೆಬ್ಬೆರಳು ಹಿಡಿಯ ಕೆಳಗೆ ಬರುತ್ತದೆ, ಅವನದು ಮೇಲಿರುತ್ತಿತ್ತು, ಹಗ್ಗದಲ್ಲಿ ಬಾವಿಯಿಂದ ಬುಟ್ಟಿ ಎಳೆದ ಅಭ್ಯಾಸ. ನಾಗೋಜಿ ಮೇಷ್ಟ್ರು ಎಷ್ಟು ಬೈದರೂ ಅದು ಸರಿಹೋಗಲಿಲ್ಲ. ಹಾಗೆ ಹಿಡಿದರೆ ಹುಟ್ಟು ನೀರಿನಿಂದ ಎದ್ದೇಳುವಾಗ ಒಂದು ಚೂರು ನೀರು ಚಿಮ್ಮುತ್ತದೆ. ಜೊತೆಗೆ ಎಡಗೈಯ ಕಿರುಬೆರಳು ಬೇರೆಯವರಿಗಿಂತ ಆಳಕ್ಕೆ ಕೂರುತ್ತಿತ್ತು. ಮೊದಲು ಅರದಿಂದ ಹೆಬ್ಬೆರಳ ಗುಳಿ ಶುರುಮಾಡಿದೆ, ಆಮೇಲೆ ಒಡೆದ ಗಾಜಿನ ಚೂರಿನಿಂದ ಕೆರೆದೆ, ಆಮೇಲೆ ಉಪ್ಪುನೀರು ಸವರಿ ಒಣಗಿಸಿ ಹರಳೆಣ್ಣೆ ಹಾಕಿ ಅಂಗೈಯಿಂದ ತಿಕ್ಕಿದೆ. ಅರ ಮಾಡಿದ ಗುಳಿಗೆ ಅಂಚಿರುತ್ತದೆ, ಕೈ ಮಾಡಿದ ಗುಳಿಗೆ ಅಂಚಿರುವುದಿಲ್ಲ. ಆ ಅಂಚನ್ನು ಕಳೆಯುವುದಕ್ಕೇ ಒಂದು ದಿನ ಹಿಡಿಯಿತು. ಹೇಳಲು ನಾಚಿಕೆಯಾಗುತ್ತದೆ, ನನಗೆ ಖುಷಿಯೂ ಆಗುತ್ತಿತ್ತು. ಜೀವಮಾನದಲ್ಲಿ ನಾನು ಅಷ್ಟು ನಯವಾದ ಕೆಲಸ ಮಾಡಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಎಡಗೈಯ ಕಿರುಬೆರಳ ಗುಳಿಯನ್ನು ಅರ್ಧ ಮಾಡಿ, ಕೈ ನೋಯುತ್ತಿದೆಯೆಂದು ಊಟಕ್ಕೆ ಹೋದೆ. ಕೋಣೆಗೆ ಬೀಗ ಹಾಕಿದ್ದೆ, ಬೀಗದ ಕೈ ನನ್ನ ಸೊಂಟದಲ್ಲಿತ್ತು. ಬಂದು ನೋಡಿದರೆ ಗುಳಿ ಪೂರ್ತಿಯಾಗಿತ್ತು. ನೆಲದ ಮೇಲೆ ಹೊಟ್ಟಿರಲಿಲ್ಲ. ಬೆರಳಿಟ್ಟು ನೋಡಿದೆ, ಅಂಚಿರಲಿಲ್ಲ. ಮರ ಸ್ವಲ್ಪ ಬೆಚ್ಚಗಿತ್ತು. ಬಿಸಿಲು ಬಿದ್ದಿರಬೇಕು, ನಾನೇ ಮುಗಿಸಿ ಮರೆತಿರಬೇಕು, ವಯಸ್ಸು ಐವತ್ತೆಂಟಾಯಿತಲ್ಲ ಅಂದುಕೊಂಡೆ. ಆ ಕೋಣೆಗೆ ಕಿಟಕಿ ಇಲ್ಲ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಆದರೂ ಹಾಗೆಯೇ ಅಂದುಕೊಂಡೆ, ಏಕೆಂದರೆ ಕೆಲಸವನ್ನು ಅಲ್ಲಿಗೆ ನಿಲ್ಲಿಸಲು ನನಗೆ ಮನಸ್ಸಿರಲಿಲ್ಲ.

ನಾಲ್ಕು ದಿನ ಬಿಟ್ಟು ಹಿಡಿಗಳನ್ನು ನೋಡುವ ದಿನ ಬಂತು. ಕುಮುದ ಎಂದಿನಂತೆ ಬಾಗಿಲಲ್ಲಿ ನಿಂತಳು. ನಾನು ಒಂದನೆಯದನ್ನು ನೋಡಿದೆ, ಎರಡನೆಯದನ್ನು ನೋಡಿದೆ. ಮೂರನೆಯ ಹಿಡಿಯ ಮೇಲೆ ಕೈಯಿಟ್ಟು ಸುಮ್ಮನೆ ನಿಂತೆ. ಅಷ್ಟಕ್ಕೇ ಅವಳಿಗೆ ಗೊತ್ತಾಯಿತು. ಬಂದ್ರಾ ಎಂದು ಕೇಳಲೇ ಇಲ್ಲ. ನೆಟ್ಟಗೆ ಒಳಗೆ ಬಂದು ಹಿಡಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು. ಹೆಬ್ಬೆರಳನ್ನು ಮೇಲಿನ ಗುಳಿಯಲ್ಲಿಟ್ಟು, ತನ್ನ ಸಣ್ಣ ಬೆರಳುಗಳನ್ನು ಒಂದೊಂದಾಗಿ ಅವನ ದೊಡ್ಡ ಗುಳಿಗಳೊಳಗೆ ಇಳಿಸಿದಳು.

"ಯಾವಾಗ ಬಂದಿರಬಹುದು ಅತ್ತೆ?" ಎಂದಳು.

"ಈ ವರ್ಷವೇ. ಹೊಸ ಹಿಡಿ ಅಲ್ವಾ ಅದು."

ಅವಳು ತಲೆಯಾಡಿಸಿದಳು. ಕೈಯನ್ನು ಹಿಡಿಯಿಂದ ತೆಗೆಯದೆಯೇ, "ಹಾಗಾದ್ರೆ ಮೂರು ವರ್ಷ ಬದುಕಿದ್ರು. ಬರಲಿಲ್ಲ" ಎಂದಳು.

ಇದು ನನಗೆ ಹೊಳೆದಿರಲಿಲ್ಲ. ಸಾವನ್ನು ಕೆತ್ತುವ ಭರದಲ್ಲಿ ಅದರ ತಾರೀಖನ್ನೂ ಕೆತ್ತುತ್ತಿದ್ದೇನೆ ಎಂದು ಗೊತ್ತಾಗಲಿಲ್ಲ. ಆಮೇಲೆ ಅವಳು ಅಲ್ಲೇ ಕೂತು, ತಲೆಯನ್ನು ಹಿಡಿಗೆ ಆನಿಸಿ ಅತ್ತಳು. ನಾಲ್ಕು ವರ್ಷದಲ್ಲಿ ಅವಳು ಒಮ್ಮೆಯೂ ಅತ್ತಿರಲಿಲ್ಲ. ಅತ್ತು ಮುಗಿಸಿ ಮುಖ ತೊಳೆದುಕೊಂಡು ಬಂದು, ಪಾನಕ ನಾಳೆ ಮಾಡಿ ತರುತ್ತೇನೆ ಎಂದು ನಾಗೋಜಿ ಮೇಷ್ಟ್ರಿಗೆ ತಾನೇ ಹೇಳಿದಳು.

ಆವತ್ತು ಸಂಜೆ ಅವಳು ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ನಾನು ಮಾಡಿದ ಅನ್ನ ಸಾರನ್ನು ಒಂದೇ ತಟ್ಟೆ ಹಾಕಿಕೊಂಡು ಉಂಡು, ಇನ್ನೊಮ್ಮೆ ಬಡಿಸಿಕೊಂಡಳು. ಮಾರನೆಯ ವಾರ ಅವನ ಅಂಗಿಗಳನ್ನು ಒಗೆದು ಮಡಿಸಿ ಯಾರಿಗೋ ಕೊಟ್ಟಳು. ಬಾಲವಾಡಿಯ ಮಕ್ಕಳು ಏನೋ ಹೇಳಿದರೆಂದು ಒಂದು ದಿನ ನಕ್ಕಳು. ದೋಣಿಗಳಿಗೆ ಕಡೆಯ ಕೈ ವಾರ್ನಿಶ್ ಹೊಡೆಯುವಷ್ಟರಲ್ಲಿ ಅವಳ ಕೆನ್ನೆಗೆ ಬಣ್ಣ ಬಂದಿತ್ತು. ನಾನು ಮಾಡಿದ್ದು ಸರಿಯೇ ಎಂದು ದಿನಕ್ಕೆ ಹತ್ತು ಸಲ ಹೇಳಿಕೊಳ್ಳುತ್ತಿದ್ದೆ. ಸರಿಯಾದ ಕೆಲಸವನ್ನು ಅಷ್ಟು ಸಲ ಹೇಳಿಕೊಳ್ಳಬೇಕಾಗುವುದಿಲ್ಲ, ಅದೂ ನನಗೆ ಗೊತ್ತಿತ್ತು.

ದೋಣಿ ಇಳಿಸುವ ದಿನ ಊರೇ ದಡಕ್ಕೆ ಬರುತ್ತದೆ. ನಾಲ್ಕೂ ದೋಣಿಗಳು ಆಚೆ ದಡ ಮುಟ್ಟಿ ಬರಬೇಕು. ಗೆಲ್ಲುವುದು ಸೋಲುವುದು ಇಲ್ಲ, ಎಲ್ಲಿ ಸೋರುತ್ತದೆ ಎಂದು ನೋಡುವುದಷ್ಟೇ. ಸೋರಿದರೆ ಬೈಗುಳ ನನಗೆ, ಸೋರದಿದ್ದರೆ ಹೊಗಳಿಕೆ ಮೇಷ್ಟ್ರಿಗೆ. ಬೆಳಗಿನ ಬಿಸಿಲು ಚೆನ್ನಾಗಿತ್ತು. ಕುಮುದ ಮೂರನೆಯ ದೋಣಿ ಹತ್ತಿ ಐದನೆಯ ಮಣೆಯಲ್ಲಿ ಕೂತಳು. ಆರನೆಯ ಹುಟ್ಟನ್ನು ಬಳೆಗೆ ನಾನೇ ಸಿಕ್ಕಿಸಿದೆ.

ಆ ದೋಣಿ ಸೊಟ್ಟ ಹೋಗುತ್ತದೆ ಎಂದು ನನಗೆ ಖಾತ್ರಿಯಿತ್ತು. ಬರೀ ಅರದ ಕೈಯಿರುವ ಹುಟ್ಟು ಅದು, ಹಿಡಿಯುವವರು ಯಾರೂ ಇಲ್ಲ. ಹೋದ ವರ್ಷದ ಹಾಗೆ ಎಡಕ್ಕೆ ಎಳೆಯುತ್ತದೆ, ಕುಮುದ ಕೇಳುತ್ತಾಳೆ, ಹೊಸದಾಗಿ ಬಂದಿದ್ದಾನೆ, ಅಭ್ಯಾಸವಾಗಲಿ ಬಿಡು ಎನ್ನಬೇಕು ಎಂದು ಮಾತು ಜೋಡಿಸಿಟ್ಟುಕೊಂಡಿದ್ದೆ. ದೋಣಿ ಹತ್ತು ಮಾರು ಹೋಯಿತು, ಇಪ್ಪತ್ತು ಮಾರು ಹೋಯಿತು. ನೂಲು ಹಿಡಿದ ಹಾಗೆ ನೇರ ಹೋಯಿತು.

ಪಕ್ಕದಲ್ಲಿ ನಿಂತ ನಾಗೋಜಿ ಮೇಷ್ಟ್ರು ನೀರಿನ ಕಡೆ ನೋಡದೆಯೇ, ಭುಜಂಗ ಬಂದ ಮೇಲೆ ನೋಡಿ ಹೇಗೆ ಹೋಗುತ್ತದೆ ಅಂದರು. ನಾನು ಜೀವನದಲ್ಲಿ ಮೊದಲ ಸಲ ಆರನೆಯ ಮಣೆಯ ಕಡೆ ದಿಟ್ಟಿಸಿ ನೋಡಿದೆ. ಮಣೆ ಖಾಲಿಯಿತ್ತು. ಹುಟ್ಟು ಏಳುತ್ತಿತ್ತು, ಬೀಳುತ್ತಿತ್ತು. ಪ್ರತಿ ಸಲ ನೀರಿನಿಂದ ಎದ್ದೇಳುವಾಗಲೂ ಅದರ ತುದಿಯಿಂದ ಒಂದು ಚೂರು ನೀರು ಚಿಮ್ಮಿ ಬಿಸಿಲಿಗೆ ಹೊಳೆಯುತ್ತಿತ್ತು. ಉಳಿದ ಮೂರು ದೋಣಿಗಳ ಯಾವ ಹುಟ್ಟೂ ಹಾಗೆ ಚಿಮ್ಮಿಸುತ್ತಿರಲಿಲ್ಲ. ಹೆಬ್ಬೆರಳು ಮೇಲಿಟ್ಟು ಎಳೆಯುವವನ ಹುಟ್ಟು ಅದು.

ಮೊದಲು ಆ ಹುಟ್ಟು ಏಳುವುದನ್ನು ಹತ್ತು ಸಲ ಎಣಿಸಿದೆ. ಆಮೇಲೆ, ನಂಬಿದರೆ ನಂಬಿ ಬಿಟ್ಟರೆ ಬಿಡಿ, ಮೈಯೆಲ್ಲ ಹಗುರವಾಯಿತು. ಭುಜಂಗ ನಿಜವಾಗಿಯೂ ಸತ್ತಿದ್ದಾನೆ. ಯಾವತ್ತೋ ಸತ್ತಿದ್ದಾನೆ, ದಾರಿ ದೂರವಾಗಿ ಬರುವುದು ತಡವಾಗಿದೆ, ಬಂದು ನೋಡಿದರೆ ತನ್ನ ಕೈಗೆ ಸರಿಯಾದ ಹಿಡಿ ಸಿದ್ಧವಾಗಿದೆ. ಹಾಗಾದರೆ ನಾನು ಹೇಳಿದ್ದು ಸುಳ್ಳಲ್ಲ. ಕೋಣೆಯಲ್ಲಿ ಗುಳಿ ತಾನೇ ಪೂರ್ತಿಯಾದದ್ದು ಅದಕ್ಕೇ. ಯಾರೋ ಕೊಟ್ಟ ಚಹಾವನ್ನು ಕುಡಿದೆ, ಬಹಳ ರುಚಿಯಾಗಿತ್ತು. ದೋಣಿಗಳು ಆಚೆ ದಡ ಮುಟ್ಟಿ ಹಿಂತಿರುಗುವ ತನಕ ಎಲ್ಲರ ಜೊತೆ ನಗುತ್ತ ಮಾತಾಡುತ್ತ ಇದ್ದೆ.

ಮೂರನೆಯ ದೋಣಿ ಎಲ್ಲರಿಗಿಂತ ಮೊದಲು ಬಂತು. ಕುಮುದ ಜಿಗಿದು ಇಳಿದು, ಮೊಣಕಾಲುದ್ದ ನೀರಿನಲ್ಲೇ ನಡೆದುಕೊಂಡು ನೇರ ನನ್ನ ಹತ್ತಿರ ಬಂದಳು. ತೇಕುತ್ತಿದ್ದಳು. ಕಣ್ಣು ಅಗಲವಾಗಿತ್ತು. ನನ್ನನ್ನು ಜನರಿಂದ ಆಚೆ, ದೋಣಿ ಎಳೆಯುವ ದಿಮ್ಮಿಗಳ ಹತ್ತಿರ ಕರೆದುಕೊಂಡು ಹೋದಳು.

"ಅತ್ತೆ, ಅವರು ಮಾತಾಡಿದ್ರು" ಎಂದಳು.

ಆರನೆಯವರು ಮಾತಾಡುವುದಿಲ್ಲ. ಅಪ್ಪನ ಕಾಲದಿಂದ, ಅವರಪ್ಪನ ಕಾಲದಿಂದ, ಒಬ್ಬರೂ ಮಾತಾಡಿದ್ದು ನಾನು ಕೇಳಿಲ್ಲ. ನಿನಗೆ ಭ್ರಮೆ, ನೀರಿನ ಸದ್ದು ಎಂದೆ. ಅವಳು ಬಲವಾಗಿ ತಲೆಯಲ್ಲಾಡಿಸಿದಳು. ಹೋಗುವಾಗ ಏನೂ ಇರಲಿಲ್ಲವಂತೆ, ಉಸಿರಾಟದ ಸದ್ದು ಮಾತ್ರ, ದೂರದಿಂದ ಓಡಿ ಬಂದವರು ಏದುಸಿರು ಬಿಡುತ್ತಾರಲ್ಲ ಹಾಗೆ. ಹಿಂತಿರುಗುವಾಗ ನಡುನೀರಿನಲ್ಲಿ ಅವಳ ಕಿವಿಯ ಹಿಂದೆಯೇ ಮಾತಾಡಿದನಂತೆ. ಅವಳಿಗೆ ತಿರುಗಿ ನೋಡಬೇಕೆಂದು ಎಷ್ಟು ಆಸೆಯಾಯಿತೆಂದರೆ ಕತ್ತು ನೋಯುವಷ್ಟು ಬಿಗಿಹಿಡಿದುಕೊಂಡಳಂತೆ.

"ನಿನ್ನ ಹತ್ತಿರ ಏನಂದ?" ಎಂದು ಕೇಳಿದೆ.

"ನನಗೆ ಅಂತ ಏನೂ ಹೇಳಲಿಲ್ಲ" ಎಂದಳು. ಅದನ್ನು ಹೇಳುವಾಗ ಅವಳ ಮುಖದಲ್ಲಿ ನೋವಿತ್ತು. "ನಿಮಗೆ ಹೇಳು ಅಂದ್ರು. ಎರಡು ಸಲ ಹೇಳಿದ್ರು, ನಾನು ಮರೆತುಬಿಡ್ತೀನಿ ಅನ್ನೋ ಹಾಗೆ. 'ಮುಂದಿನ ತಿಂಗಳು ಊರಿಗೆ ಹೊರಡೋದು ಅಂತಿದ್ದೆ. ಅತ್ತೆಗೆ ಹೇಳು, ಹಿಡಿ ಕರೆದಾಗ ನಾನಿನ್ನೂ ಸತ್ತಿರಲಿಲ್ಲ' ಅಂತ. ಅಷ್ಟೇ ಅತ್ತೆ. ಹಾಗಂದ್ರೆ ಏನು?"

ಅವಳ ಹಿಂದೆ ನೀರಿನಲ್ಲಿ ಮೂರನೆಯ ದೋಣಿ ನಿಂತಿತ್ತು. ಜನ ಅದರಿಂದ ಹುಟ್ಟುಗಳನ್ನು ಒಂದೊಂದಾಗಿ ಇಳಿಸಿ ದಡಕ್ಕೆ ತರುತ್ತಿದ್ದರು. ಮೇಷ್ಟ್ರು ನನ್ನ ಹೆಸರು ಹಿಡಿದು ಕೂಗಿದರು, ಒಂದು ಹನಿಯೂ ಸೋರಿಲ್ಲ ಅಂಬುಜಕ್ಕ ಎಂದು. ಕುಮುದ ಅತ್ತ ತಿರುಗಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಮೊದಲು ಸುಮ್ಮನೆ ನೋಡುತ್ತಿದ್ದಳು. ಆಮೇಲೆ ನನ್ನ ಕೈಗಳನ್ನು ನೋಡಿದಳು.